ಬೋನ್ಸಾಯ್ ಬಾಡಿದೆಯಾ? ಮೊದಲು ಚೊಂಬು ಕೆಳಗಿಡಿ

ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಈಗ 11 ಬೋನ್ಸಾಯ್ ಇವೆ. ಇಲ್ಲಿಯವರೆಗೆ ಸತ್ತಿದ್ದು 14. ಆರನೆಯದು ಹೋದ ಮೇಲೆ ಒಂದು ಹಳೇ ಡೈರಿಯಲ್ಲಿ ಲೆಕ್ಕ ಬರೆದಿಡಲು ಶುರು ಮಾಡಿದೆ. ಮೊನ್ನೆ ಅದನ್ನು ತಿರುವಿ ಹಾಕುವಾಗ ಗೊತ್ತಾಯಿತು: 14ರಲ್ಲಿ 9 ಗಿಡ ಕಾಯಿಲೆಯಿಂದ ಸತ್ತಿದ್ದಲ್ಲ, ನಾನು ಮಾಡಿದ ಮದ್ದಿನಿಂದ ಸತ್ತಿದ್ದು.

ಕಥೆ ಹೆಚ್ಚುಕಮ್ಮಿ ಒಂದೇ. ಎಲೆ ಬಾಡಿತು, ನೀರು ಹಾಕಿದೆ. ಮತ್ತೂ ಬಾಡಿತು, ಮತ್ತೂ ಹಾಕಿದೆ. ಹಳದಿಯಾಯಿತು, ಗೊಬ್ಬರ ಹಾಕಿದೆ. ಉದುರಿತು, ಕುಂಡ ಬದಲಿಸಿದೆ. ಹತ್ತು ದಿನದಲ್ಲಿ ಮೂರು ಥರದ ಮದ್ದು. ನೋಡಿ ನೋಡಿ ಸಾಕಾಗಿ ನಮ್ಮ ಅತ್ತೆ ಒಂದು ದಿನ ಅಂದೇಬಿಟ್ಟರು, "ಅದನ್ನ ಸ್ವಲ್ಪ ಸುಮ್ನೆ ಬಿಡೇ, ಉಸಿರಾಡ್ಲಿ."

ಅವರು ಮಾತಿಗೆ ಅಂದಿದ್ದು. ಆದರೆ ವಿಷಯ ಅದೇ ಆಗಿತ್ತು. ಬೇರಿಗೂ ಗಾಳಿ ಬೇಕು. ಮಣ್ಣಿನ ತುಂಬ ನೀರೇ ನಿಂತರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು. ಆಗ ಎಲೆ ಬಾಯಾರಿದ ಗಿಡದ ಹಾಗೆಯೇ ಜೋತು ಬೀಳುತ್ತದೆ. ನೀರು ಜಾಸ್ತಿಯಾದರೂ ಬಾಡು, ಕಮ್ಮಿಯಾದರೂ ಬಾಡು. ಬರೀ ಎಲೆ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಪರೀಕ್ಷೆ ಎಲೆಯಿಂದ ಶುರುವಾಗುವುದಿಲ್ಲ.

ಮೊದಲು: ಜೀವ ಇದೆಯಾ?

ತಮಾಷೆಯಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ನನ್ನ ಮೊದಲ ಜುನಿಪರ್‌ಗೆ (ಸೂಜಿಯಂಥ ಎಲೆಯ, ಚಳಿ ಸೀಮೆಯ ಗಿಡ) ಅದು ಸತ್ತ ಮೇಲೂ ಸುಮಾರು ಒಂದೂವರೆ ತಿಂಗಳು ನೀರು ಹಾಕಿದ್ದೆ. ಜುನಿಪರ್ ಸತ್ತರೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿದ ದಿನ ಸತ್ತಿದ್ದಲ್ಲ, ಸತ್ತ ಸುದ್ದಿ ನಮಗೆ ತಲುಪಿದ್ದು ಅವತ್ತು, ಅಷ್ಟೆ.

ಪರೀಕ್ಷೆ ಸುಲಭ. ಒಂದು ಸಣ್ಣ ರೆಂಬೆಯ ತುದಿಯಲ್ಲಿ ಉಗುರಿನಿಂದ ತೊಗಟೆಯನ್ನು ಒಂದು ಎಳ್ಳಿನಷ್ಟು ಕೆರೆಯಿರಿ. ಕೆಳಗೆ ಹಸಿ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣ, ಒಣಗಿದ ನಾರು ಕಂಡರೆ ಆ ತುದಿ ಹೋಯಿತು. ಅಲ್ಲಿಗೇ ಕೈಬಿಡಬೇಡಿ. ಎರಡು ಬೆರಳು ಕೆಳಗೆ ಮತ್ತೆ ಕೆರೆಯಿರಿ, ಮತ್ತೆ ಕೆಳಗೆ, ಬೊಡ್ಡೆಯವರೆಗೆ. ಎಲ್ಲಿ ಹಸಿರು ಸಿಗುತ್ತದೋ ಅಲ್ಲಿಂದ ಚಿಗುರುವ ಆಸೆ ಇದೆ. ಆಲ, ಅರಳಿ, ಅತ್ತಿ, ಗೋಣಿ, ನರ್ಸರಿಯವರು ಬರೀ ಫೈಕಸ್ ಅಂತ ಮಾರುವ ಗಿಡ, ಇವೆಲ್ಲ ಒಂದೇ ವಂಶ. ಇವಕ್ಕೆ ಇನ್ನೂ ಒಳ್ಳೆಯ ಗುರುತಿದೆ: ಸೂಜಿ ಚುಚ್ಚಿದರೆ ಬಿಳಿ ಹಾಲು ಬರಬೇಕು. ಹಾಲು ಬಂದರೆ ಒಂದೂ ಎಲೆ ಇಲ್ಲದಿದ್ದರೂ ಗಿಡ ಬದುಕಿದೆ. ಕಸದ ಬುಟ್ಟಿಗೆ ಹಾಕಬೇಡಿ.

ಎರಡನೆಯದು: ಒಳಗೆ ಒದ್ದೆಯಾ, ಒಣಗಿದೆಯಾ?

ಮೇಲಿನ ಮಣ್ಣು ಮುಟ್ಟಿ ನೋಡಿದರೆ ಸಾಲದು. ಮೇಲೆ ಪುಡಿಪುಡಿಯಾಗಿದ್ದು, ಒಂದು ಅಂಗುಲ ಕೆಳಗೆ ಕೆಸರಿರಬಹುದು. ಸಣ್ಣ ಬಿದಿರಿನ ಕಡ್ಡಿಯೋ, ಊದುಬತ್ತಿ ಉರಿದು ಉಳಿದ ಕಡ್ಡಿಗಳೋ, ಏನಾದರೂ ಸರಿ. ಬೊಡ್ಡೆಗೂ ಕುಂಡದ ಅಂಚಿಗೂ ನಡುವೆ ತಳ ಮುಟ್ಟುವಂತೆ ಚುಚ್ಚಿ ಹತ್ತು ನಿಮಿಷ ಬಿಡಿ. ತೆಗೆದು ಕೆನ್ನೆಗೆ ತಾಗಿಸಿ. ಬೆರಳಿಗಿಂತ ಕೆನ್ನೆಗೆ ತಂಪು ಬೇಗ ಗೊತ್ತಾಗುತ್ತದೆ.

ಇನ್ನೊಂದು ದಾರಿ ತೂಕ. ಅಡುಗೆಮನೆಯ ತಕ್ಕಡಿ ಇದ್ದರೆ ನೀರು ಹಾಕಿ ಸೋರಿ ನಿಂತ ಮೇಲೆ ಒಮ್ಮೆ ತೂಗಿ. ನನ್ನ ಒಂದು ಫೈಕಸ್ ಟ್ರೇ (ಬೋನ್ಸಾಯ್ ಬೆಳೆಸುವ, ತಟ್ಟೆಯಂಥ ಆಳವಿಲ್ಲದ ಕುಂಡ) ಆಗ 1,340 ಗ್ರಾಂ ಬರುತ್ತದೆ. 1,100ಕ್ಕೆ ಇಳಿದಾಗ ನೀರು ಹಾಕುತ್ತೇನೆ. ಏಪ್ರಿಲ್‌ನಲ್ಲಿ ಇದಕ್ಕೆ ಒಂದೇ ದಿನ ಸಾಕು, ಡಿಸೆಂಬರ್‌ನಲ್ಲಿ ನಾಲ್ಕು ದಿನ ಬೇಕು. "ದಿನಾ ಒಂದು ಲೋಟ ನೀರು ಹಾಕಿ ಮೇಡಂ" ಅಂತ ಅಂಗಡಿಯವರು ಹೇಳುವ ಲೆಕ್ಕ ಯಾಕೆ ಗಿಡ ಕೊಲ್ಲುತ್ತದೆ ಅಂತ ಈ ಎರಡು ಅಂಕಿ ನೋಡಿದರೆ ಗೊತ್ತಾಗುತ್ತದೆ. ಈಗ ನನಗೆ ತಕ್ಕಡಿ ಬೇಡ, ಎತ್ತಿದರೆ ಕೈಗೇ ತಿಳಿಯುತ್ತದೆ.

ಒಳಗೆ ಒದ್ದೆ, ಎಲೆ ಹಳದಿ

ನನ್ನ ಡೈರಿಯ ಅರ್ಧ ಪುಟಗಳು ಇದಕ್ಕೇ ಹೋಗಿವೆ. ನಿಮ್ಮ ಗಿಡದ್ದೂ ಇದೇ ಆಗಿರುವ ಸಾಧ್ಯತೆ ಜಾಸ್ತಿ.

ಲಕ್ಷಣ: ಎಲೆ ಮೆತ್ತಗೆ ಹಳದಿಯಾಗಿ, ಮುಟ್ಟಿದರೆ ಬೀಳುತ್ತದೆ. ಗರಿಗರಿಯಾಗಿ ಒಣಗುವುದಿಲ್ಲ. ಹೊಸ ಚಿಗುರು ಕಪ್ಪಾಗುತ್ತದೆ. ಬೊಡ್ಡೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತದೆ. ತಳದ ತೂತಿನ ಹತ್ತಿರ ಮೂಗಿಟ್ಟರೆ ಚರಂಡಿ ವಾಸನೆ.

ಹೀಗಿದ್ದರೆ ಕಾಯುವ ಹಾಗಿಲ್ಲ, ಗಿಡ ಹೊರಗೆ ತೆಗೆದು ಬೇರು ನೋಡಬೇಕು. ಒಳ್ಳೆಯ ಬೇರು ಬಿಳಿ ಅಥವಾ ತಿಳಿ ಕಂದು, ಹಿಡಿದರೆ ಗಟ್ಟಿ. ಕೊಳೆತದ್ದು ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತದೆ, ಬೇಯಿಸಿದ ನುಗ್ಗೆಕಾಯಿಯ ಹಾಗೆ. ಅಂಥದ್ದನ್ನೆಲ್ಲ ಗಟ್ಟಿ ಬೇರು ಸಿಗುವವರೆಗೆ ಕತ್ತರಿಸಿ. ಕತ್ತರಿಯನ್ನು ಮೊದಲು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಬೇರು ಅರ್ಧ ಹೋದರೆ ಮೇಲಿನ ಎಲೆಯೂ ಅಷ್ಟೇ ಕಮ್ಮಿಯಾಗಬೇಕು, ಇಲ್ಲದಿದ್ದರೆ ಉಳಿದ ಬೇರು ಅಷ್ಟೊಂದು ಎಲೆಗೆ ನೀರು ಒದಗಿಸಲಾರದು. ಹೊಸ ಮಣ್ಣಿಗೆ ನೆಟ್ಟು, ಗಿಡ ಅಲ್ಲಾಡದ ಹಾಗೆ ತಳದ ತೂತಿನಿಂದ ತಂತಿ ತಂದು ಕಟ್ಟಿ, ಬೆಳಕಿರುವ ನೆರಳಿನಲ್ಲಿಡಿ. ಗೊಬ್ಬರದ ಮಾತೇ ಬೇಡ. ದಪ್ಪ ರಸಭರಿತ ಎಲೆಯ ಜೇಡ್ ಗಿಡವಾಗಿದ್ದರೆ ಬೇರು ಕತ್ತರಿಸಿದ ಮೇಲೆ ಒಂದು ವಾರ ನೀರೂ ಬೇಡ, ಗಾಯ ಒಣಗಲಿ.

ಕೊಳೆತ ಯಾಕೆ ಬಂತು? "ನೀರು ಜಾಸ್ತಿಯಾಯ್ತು" ಅನ್ನುವುದು ಅರ್ಧ ಉತ್ತರ. ಉಳಿದರ್ಧ ಕುಂಡದ ಆಕಾರದಲ್ಲಿದೆ. ಪಾತ್ರೆ ತೊಳೆಯುವ ಸ್ಪಂಜು ತೆಗೆದುಕೊಳ್ಳಿ. ಚೆನ್ನಾಗಿ ನೆನೆಸಿ ಅಂಗೈ ಮೇಲೆ ಅಡ್ಡಡ್ಡ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಹಿಂಡದೆಯೇ ಮತ್ತೆ ನೀರು ಸುರಿಯುತ್ತದೆ! ಮಣ್ಣೂ ಹೀಗೆಯೇ. ಸೋರಿ ನಿಂತ ಮೇಲೂ ತಳದಲ್ಲಿ ಒಂದಷ್ಟು ಎತ್ತರಕ್ಕೆ ನೀರು ಹಿಡಿದುಕೊಂಡಿರುತ್ತದೆ. ಆ ಎತ್ತರ ಮಣ್ಣಿನ ಕಣ ಎಷ್ಟು ಸಣ್ಣದು ಅನ್ನುವುದರ ಮೇಲೆ ನಿಂತಿದೆ, ಕುಂಡ ಎಷ್ಟು ಆಳ ಅನ್ನುವುದರ ಮೇಲಲ್ಲ. ಒಂದಡಿ ಕುಂಡದ ತಳದಲ್ಲಿ ಎರಡು ಅಂಗುಲ ಕೆಸರಿದ್ದರೆ ಬೇರಿಗೆ ಮೇಲೆ ಜಾಗ ಇದೆ. ಬೋನ್ಸಾಯ್ ಟ್ರೇ ಇರುವುದೇ ಎರಡು ಅಂಗುಲ. ಅಲ್ಲಿ ಬೇರು ಎಲ್ಲಿಗೆ ಓಡಬೇಕು?

ಅದಕ್ಕೇ ತುಳಸಿಗೆ ಹಾಕುವ ಕೆಮ್ಮಣ್ಣು ಟ್ರೇಗೆ ಆಗುವುದಿಲ್ಲ. ಕಾಳು ಕಾಳಾದ ಮಿಶ್ರಣ ಬೇಕು. ಜಪಾನಿನವರು ಅಕಡಾಮ ಅನ್ನುವ ಜೇಡಿಮಣ್ಣಿನ ಕಾಳು ಬಳಸುತ್ತಾರೆ. ಇಲ್ಲಿ ಅದು ದುಬಾರಿ, ನಮಗೆ ಬೇಕಾಗಿಯೂ ಇಲ್ಲ. ಮನೆ ಕಟ್ಟುವ ಕಡೆ ಬಿದ್ದಿರುವ ಒಡೆದ ಇಟ್ಟಿಗೆ ತಂದು ಕುಟ್ಟಿ ಜರಡಿ ಹಿಡಿಯಿರಿ. ಮೆಂತ್ಯ ಕಾಳಿನಿಂದ ಕಡಲೆಕಾಳಿನವರೆಗಿನ ಚೂರು ಇಟ್ಟುಕೊಂಡು ಪುಡಿ ಎಸೆಯಿರಿ. ಆ ಪುಡಿ ಉಳಿದರೆ ಮತ್ತೆ ಕೆಸರೇ. ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ತೊಳೆದ ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ. ನಾಲ್ಕು ವರ್ಷದಿಂದ ನಾನು ಇದನ್ನೇ ಬಳಸುತ್ತಿದ್ದೇನೆ. ಇದರಲ್ಲಿ ಬೇರು ಕೊಳೆತು ಸತ್ತಿದ್ದು ಒಂದೇ ಒಂದು. ಅದೂ ಉಡುಪಿಯ ತಮ್ಮನ ಮನೆಯಲ್ಲಿ, ಜುಲೈ ಮಳೆಯಲ್ಲಿ, ಸೂರಿನ ನೀರು ನೇರ ಬೀಳುವ ಜಾಗದಲ್ಲಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಟ್ರೇಯ ಒಂದು ಅಂಚಿನ ಕೆಳಗೆ ಓಡಿನ ಚೂರಿಟ್ಟು ಓರೆ ಮಾಡಿ. ಸ್ಪಂಜಿನ ಲೆಕ್ಕವೇ, ಎತ್ತರ ಹೆಚ್ಚಾದ ಹಾಗೆ ನೀರು ಇಳಿಯುತ್ತದೆ.

ನೀರು ಹಾಕುತ್ತಲೇ ಇದ್ದೇನೆ, ಆದರೂ ಒಣಗುತ್ತಿದೆ

ಎಲೆ ಹಪ್ಪಳದ ಹಾಗೆ ಗರಿಗರಿ, ಕುಂಡ ಎತ್ತಿದರೆ ಹಗುರ, ಆದರೆ ನೀವು ದಿನಾ ನೀರು ಹಾಕುತ್ತಿದ್ದೀರಿ. ನೀರು ಹಾಕುವಾಗ ಕೆಳಗೆ ಬಗ್ಗಿ ನೋಡಿ. ಹಾಕಿದ ತಕ್ಷಣ ತೂತಿನಿಂದ ಬಂದುಬಿಟ್ಟರೆ ನೀರು ಒಳಗೆ ಹೋಗುತ್ತಿಲ್ಲ, ಪಕ್ಕದಲ್ಲಿ ಇಳಿಯುತ್ತಿದೆ. ನರ್ಸರಿ ಮಣ್ಣಿನಲ್ಲಿರುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಹಿಡಿಯಲು ಸತಾಯಿಸುತ್ತದೆ. ಕುಂಡವನ್ನು ಅಂಚಿನವರೆಗೆ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ.

ಉಡುಗೊರೆಗೆ ಬರುವ ಬೋನ್ಸಾಯ್‌ಗಳಲ್ಲಿ ಇನ್ನೊಂದು ಕಾಟ. ಮೇಲೆ ಚಂದದ ಬಿಳಿ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿರುತ್ತಾರೆ. ನನಗೆ ಬಂದಿದ್ದ ಒಂದರಲ್ಲಿ ಕಲ್ಲಿನ ಹಾಸು ಚಿಕ್ಕಿಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಅದರ ಕೆಳಗಿನ ಮಣ್ಣು ನೀರು ಕಂಡು ಎಷ್ಟು ದಿನ ಆಗಿತ್ತೋ! ಕುಂಡ ತಿರುಗಿಸಿದರೆ ತಳದಲ್ಲಿ ತೂತೂ ಇರಲಿಲ್ಲ. ಅಂಥ ಗಿಡ ಬಂದರೆ ಅವತ್ತೇ ಕಲ್ಲು ಕಿತ್ತುಹಾಕಿ, ತೂತಿರುವ ಕುಂಡಕ್ಕೆ ಬದಲಿಸಿ.

ಜೇಡ್ ವಿಷಯದಲ್ಲಿ ಮಾತ್ರ ಗುರುತು ಬೇರೆ. ಎಲೆ ಸುಕ್ಕಾಗಿದ್ದು ಕಾಂಡ ಗಟ್ಟಿಯಿದ್ದರೆ ಬಾಯಾರಿಕೆ, ನೀರು ಕೊಡಿ. ಕಾಂಡವೇ ಮೆತ್ತಗಾಗಿ, ಮುಟ್ಟಿದರೆ ಎಲೆ ಉದುರಿದರೆ ಕೊಳೆತ.

ತಂದ ಎರಡೇ ವಾರಕ್ಕೆ ಎಲೆ ಉದುರಿತು

ಫೈಕಸ್‌ಗೆ ಜಾಗ ಬದಲಾದರೆ ಆಗುವುದಿಲ್ಲ. ನರ್ಸರಿಯ ಬೆಳಕಿನಿಂದ ನಮ್ಮ ಹಾಲ್‌ನ ಟಿವಿ ಪಕ್ಕಕ್ಕೆ ಬಂದರೆ ಸಿಟ್ಟು ಮಾಡಿಕೊಂಡ ಹಾಗೆ ಎಲೆ ಕೆಡವುತ್ತದೆ. ಸೂಜಿ ಚುಚ್ಚಿ ನೋಡಿ. ಹಾಲು ಬಂದರೆ ಬೆಳಕಿರುವ ಕಡೆ ಇಟ್ಟು ಕಾಯಿರಿ, ಕೆಲವು ವಾರಗಳಲ್ಲಿ ಹೊಸ ಮೊಗ್ಗು ಕಾಣುತ್ತದೆ. ಎಡವುವುದು ಇಲ್ಲೇ: ಎಲೆ ಉದುರಿದ್ದಕ್ಕೆ ಹೆದರಿ ನೀರು ಹೆಚ್ಚಿಸುತ್ತೇವೆ. ಎಲೆಯೇ ಇಲ್ಲದ ಗಿಡ ಕುಡಿಯುವುದು ತೀರಾ ಕಮ್ಮಿ. ಮಣ್ಣು ಒದ್ದೆಯಾಗಿಯೇ ಉಳಿದು, ಸಣ್ಣ ಮುನಿಸಿನಿಂದ ಶುರುವಾಗಿದ್ದು ಕೊಳೆತದಲ್ಲಿ ಮುಗಿಯುತ್ತದೆ. ನನ್ನ ನಾಲ್ಕನೆಯ ಗಿಡ ಸತ್ತಿದ್ದು ಹೀಗೆ.

ಬೋನ್ಸಾಯ್ ಅಂದರೆ ಮನೆಯೊಳಗಿನ ಗಿಡ ಅನ್ನುವ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಲಾಲ್‌ಬಾಗಿನ ಬೋನ್ಸಾಯ್ ತೋಟಕ್ಕೋ, ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೋ ಹೋದರೆ ಮರಗಳು ಎಲ್ಲಿ ನಿಂತಿವೆ ಅಂತ ನೋಡಿ. ಬಯಲಲ್ಲಿ, ಬಿಸಿಲಲ್ಲಿ. ಮರ ಚಿಕ್ಕದು, ಆದರೆ ಅದು ಮರವೇ. ಜುನಿಪರ್ ಅಂತೂ ಕೋಣೆಯೊಳಗೆ ಬದುಕುವುದಿಲ್ಲ. ಬೆಂಗಳೂರಿನಲ್ಲೇ ಅದು ಕಷ್ಟ, ಕಲಬುರಗಿ, ರಾಯಚೂರಿನ ಬೇಸಿಗೆಗೆ ಖಂಡಿತ ಬೇಡ. ಮೊದಲ ಗಿಡಕ್ಕೆ ಫೈಕಸ್ ಇಲ್ಲವೇ ಜೇಡ್ ತೆಗೆದುಕೊಳ್ಳಿ. ನಾಲ್ಕು ತಪ್ಪು ಮಾಡಿದರೂ ಸಹಿಸಿಕೊಳ್ಳುತ್ತವೆ. ಉತ್ತರ ಕರ್ನಾಟಕದವರು ಏಪ್ರಿಲ್, ಮೇನಲ್ಲಿ ಟ್ರೇಯನ್ನು ತಾರಸಿಯ ಸಿಮೆಂಟ್ ಮೇಲೆ ನೇರವಾಗಿ ಇಡಬೇಡಿ. ಮಧ್ಯಾಹ್ನ ಬರಿಗಾಲು ಇಡಲಾಗದ ನೆಲದ ಮೇಲೆ ಬೇರೂ ಬೇಯುತ್ತದೆ. ಎರಡು ಇಟ್ಟಿಗೆ ಮೇಲೆ ಹಲಗೆ ಹಾಕಿ ಇಡಿ, ಮೇಲೆ ನೆರಳಿನ ಬಲೆ ಕಟ್ಟಿ.

ಬಿಳಿ ಬಿಳಿ ಏನೋ ಕಾಣುತ್ತಿದೆ

ಎಲೆ ಸಂದಿಯಲ್ಲಿ ಹತ್ತಿಯಂತೆ ಇದ್ದರೆ ಹಿಟ್ಟು ತಿಗಣೆ. ಇರುವೆ ಸಾಲು ಹತ್ತುತ್ತಿದ್ದರೆ ಅನುಮಾನವೇ ಬೇಡ, ಅದರ ಸಿಹಿ ಅಂಟಿಗೆ ಇರುವೆಗಳೇ ಅದನ್ನು ಕಾಯುತ್ತವೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರವ ಹಾಕಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಫೈಕಸ್ ಎಲೆ ಬೀಡಾದಂತೆ ಮಡಚಿಕೊಂಡಿದ್ದರೆ ಬಿಡಿಸಿ ನೋಡಿ, ಒಳಗೆ ಥ್ರಿಪ್ಸ್ ಅನ್ನುವ ಸಣ್ಣ ಕಪ್ಪು ಹುಳ ಹರಿದಾಡುತ್ತಿರುತ್ತವೆ. ಮಡಚಿದ ಎಲೆಯೊಳಗೆ ಮದ್ದು ತಲುಪುವುದಿಲ್ಲ, ಆ ಎಲೆಗಳನ್ನು ಕಿತ್ತುಬಿಡಿ.

ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಇದ್ದರೆ ಅದು ಹುಳವಲ್ಲ, ನಿಮ್ಮ ಬೋರ್‌ವೆಲ್ ನೀರು. ಜೊತೆಗೆ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಗಡಸು ನೀರಿನಿಂದ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಮಳೆ ನೀರು ಹಿಡಿದಿಟ್ಟು ಹಾಕಿದರೆ ಬಣ್ಣ ಮತ್ತೆ ಹಸಿರಿಗೆ ತಿರುಗುತ್ತದೆ. ಅಪಾರ್ಟ್‌ಮೆಂಟಿನವರು ಎರಡು ವಿಷಯ ಗಮನದಲ್ಲಿಡಿ. ಸಾಫ್ಟನರ್‌ನಿಂದ ಬರುವ ನೀರಿನಲ್ಲಿ ಸುಣ್ಣದ ಬದಲು ಸೋಡಿಯಂ ಸೇರಿರುತ್ತದೆ, ಗಿಡಕ್ಕೆ ಅದು ಇನ್ನೂ ಕೆಟ್ಟದು. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪಿನಂಶ ಮೂಲ ನೀರಿಗಿಂತ ಜಾಸ್ತಿ. ವೇಸ್ಟ್ ಆಗಬಾರದು ಅಂತ ನಾನು ಒಂದಿಡೀ ಬೇಸಿಗೆ ಅದನ್ನೇ ಹಾಕಿದ್ದೆ. ಅದರಿಂದ ನೆಲ ಒರೆಸಿ, ಬೋನ್ಸಾಯ್‌ಗೆ ಬೇಡ.

ನಮ್ಮ ಕೈಯಾರೆ ಆಗುವುದು

ಗೊಬ್ಬರ. ಆರು ಅಂಗುಲದ ಟ್ರೇಗೆ ಒಂದು ಚಮಚ ಡಿಎಪಿ (ಕಾಳಿನ ರಾಸಾಯನಿಕ ಗೊಬ್ಬರ) ಹಾಕಿದ್ದೆ. ಮೂರೇ ದಿನದಲ್ಲಿ ಎಲೆ ತುದಿಯಿಂದ ಸುಟ್ಟುಕೊಂಡು ಬಂತು. ಉಪ್ಪು ಹಾಕಿದರೆ ಮಾವಿನಕಾಯಿ ಹೋಳು ನೀರು ಬಿಡುತ್ತದಲ್ವಾ, ಬೇರಿಗೂ ಅದೇ ಆಗುವುದು. ಹಾಗೆ ಆದರೆ ಕಾಳುಗಳನ್ನು ಆರಿಸಿ ತೆಗೆದು, ಪೈಪ್ ಹಿಡಿದು ಹತ್ತು ನಿಮಿಷ ನೀರು ಹರಿಸಿ ತೊಳೆಯಿರಿ. ನೀರು ಜಾಸ್ತಿ ಹಾಕಬೇಕಾದ ಕಾಯಿಲೆ ನನಗೆ ಗೊತ್ತಿರುವುದು ಇದೊಂದೇ.

ತಂತಿ. ರೆಂಬೆಗೆ ಆಕಾರ ಕೊಡಲು ಸುತ್ತುವುದು. ಫೈಕಸ್ ಬೇಸಿಗೆ, ಮಳೆಗಾಲದಲ್ಲಿ ಎಷ್ಟು ಬೇಗ ದಪ್ಪಗಾಗುತ್ತದೆ ಅಂದರೆ ಒಂದು ತಿಂಗಳಲ್ಲೇ ತಂತಿ ಒಳಗೆ ಹೂತುಕೊಳ್ಳುತ್ತದೆ. ವಾರಕ್ಕೊಮ್ಮೆ ನೋಡಿ. ತೆಗೆಯುವಾಗ ಬಿಚ್ಚಬೇಡಿ, ಸುತ್ತು ಸುತ್ತಿಗೂ ತುಂಡು ಮಾಡಿ ತೆಗೆಯಿರಿ. ಬಿಚ್ಚಲು ಹೋಗಿ ರೆಂಬೆ ಮುರಿದವರಲ್ಲಿ ನಾನೂ ಒಬ್ಬಳು.

ಕಾಲ. ಬೇರು ಕತ್ತರಿಸಿ ಕುಂಡ ಬದಲಿಸುವುದಕ್ಕೆ ಜಪಾನ್, ಅಮೆರಿಕದ ಕ್ಯಾಲೆಂಡರ್ ನಮಗೆ ಹೊಂದುವುದಿಲ್ಲ. ಶಿವ ಶಿವ ಅಂತ ಚಳಿ ಹೋಗಿ ಹೊಸ ಚಿಗುರು ಏಳುವಾಗ, ಅಂದರೆ ಶಿವರಾತ್ರಿಯಿಂದ ಮುಂಗಾರು ಶುರುವಾಗುವವರೆಗೆ ಆಲದ ಜಾತಿಗೆ ಒಳ್ಳೆಯದು. ಕೊಳೆಯದ ಬೇರಾದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಕಾಗದದ ಹೂವಿನ ಗಿಡದ ಬೇರನ್ನು ಪೂರ್ತಿ ತೊಳೆದು ಮಣ್ಣು ಬಿಡಿಸಲೇಬೇಡಿ, ಆ ಬೇರು ಮುಟ್ಟಿದರೆ ಮುರಿಯುತ್ತದೆ. ಎರಡು ಕಳೆದುಕೊಂಡ ಮೇಲೆ ಕಲಿತದ್ದು.

ಹಾಂ, ಅರಳಿ ಗಿಡ ಫೆಬ್ರವರಿ, ಮಾರ್ಚ್ ಹೊತ್ತಿಗೆ ಎಲೆ ಉದುರಿಸಿದರೆ ಅದು ದೋಷವೇ ಅಲ್ಲ. ಊರ ಅರಳಿಕಟ್ಟೆಯ ಮರವೂ ಅದನ್ನೇ ಮಾಡುತ್ತಿರುತ್ತದೆ. ತಾಮ್ರದ ಬಣ್ಣದ ಚಿಗುರು ಬರುವವರೆಗೆ ಕೈಕಟ್ಟಿ ಕೂತುಕೊಳ್ಳಿ.

ಸತ್ತದ್ದನ್ನು ಬಿಚ್ಚಿ ನೋಡಿ

ಗಿಡ ಹೋಯಿತು ಅಂತ ಖಚಿತವಾದ ಮೇಲೆ ಕುಂಡ ಸಮೇತ ಎಸೆಯಬೇಡಿ. ನನ್ನ ಒಂಬತ್ತನೆಯದು ಹುಣಸೆ. ನೀರು, ಬಿಸಿಲು, ಮಣ್ಣು ಎಲ್ಲ ಸರಿ ಇತ್ತು, ಆದರೂ ತುದಿಯಿಂದ ಒಣಗುತ್ತಾ ಬಂದು ಸತ್ತಿತು. ಬೇರಿನ ಉಂಡೆಯನ್ನು ಹಳೇ ಚಾಕುವಿನಿಂದ ಲಾಡು ಕತ್ತರಿಸುವ ಹಾಗೆ ನಡುವೆ ಎರಡು ಹೋಳು ಮಾಡಿದೆ. ಹೊರಗೆಲ್ಲ ನನ್ನ ಇಟ್ಟಿಗೆ ಮಿಶ್ರಣ, ಒದ್ದೆ. ನಡುವೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ನರ್ಸರಿಯ ಕೆಮ್ಮಣ್ಣಿನ ಗಟ್ಟಿ, ಸುಟ್ಟ ಮಡಕೆಯಷ್ಟು ಒಣ. ಬೇರಿನ ಮುಕ್ಕಾಲು ಪಾಲು ಇದ್ದದ್ದು ಆ ಗಟ್ಟಿಯೊಳಗೆ. ನೀರು ಸುಲಭದ ದಾರಿ ಹಿಡಿದು ಇಟ್ಟಿಗೆ ಚೂರಿನ ನಡುವೆ ಇಳಿದು ಹೋಗುತ್ತಿತ್ತು, ನಾನು ಚುಚ್ಚುತ್ತಿದ್ದ ಕಡ್ಡಿಗೂ ಅಲ್ಲೇ ಒದ್ದೆ ತಾಗುತ್ತಿತ್ತು. ಅವತ್ತಿನಿಂದ ಹೊಸ ಗಿಡ ತಂದರೆ ನರ್ಸರಿ ಮಣ್ಣನ್ನು ಕಡ್ಡಿಯಿಂದ ಬಿಡಿಸುತ್ತೇನೆ. ಒಂದೇ ಸಲಕ್ಕಲ್ಲ, ಈ ವರ್ಷ ಅರ್ಧ ಭಾಗ, ಮುಂದಿನ ವರ್ಷ ಇನ್ನರ್ಧ.

ಡೈರಿಯಲ್ಲಿ ಬರೆಯುವುದು ನಾಲ್ಕೇ ವಿಷಯ: ತಂದ ದಿನ, ಮೊದಲ ಲಕ್ಷಣ ಕಂಡ ದಿನ, ಆಮೇಲೆ ನಾನು ಏನೇನು ಮಾಡಿದೆ, ಬಿಚ್ಚಿದಾಗ ಬೇರು ಹೇಗಿತ್ತು. ಮೂರನೆಯದೇ ಮುಖ್ಯ, ಬರೆಯಲು ನಾಚಿಕೆಯಾಗುವುದೂ ಅದೇ. ಅದನ್ನು ಬರೆಯಬೇಕಲ್ಲ ಅಂತಲೇ ಈಗ ಒಂದು ಸಲಕ್ಕೆ ಒಂದೇ ಮದ್ದು ಮಾಡಿ ಎರಡು ವಾರ ಕಾಯುತ್ತೇನೆ.

ಸದ್ಯಕ್ಕೆ ಮೂಲೆಯಲ್ಲಿ ಒಂದು ಅತ್ತಿ ಗಿಡ ಇದೆ. ಹೋದ ವಾರ ಬಲಗಡೆಯ ರೆಂಬೆ ಪೂರ್ತಿ ಬೋಳಾಯಿತು. ಮಂಗಳವಾರ ಕೆರೆದು ನೋಡಿದೆ: ತುದಿ ಕಂದು, ಮೂರು ಬೆರಳು ಕೆಳಗೆ ಹಸಿರು, ಹಾಲೂ ಬಂತು. ಕಡ್ಡಿ ಚುಚ್ಚಿದರೆ ಒಳಗೆ ಇನ್ನೂ ತಂಪು. ನೀರು ಹಾಕಿಲ್ಲ. ಅತ್ತೆ ಬೆಳಿಗ್ಗೆ ಕೇಳಿದರು, "ಅದಕ್ಕೇನೂ ಮಾಡಲ್ವೇನೇ?"

"ಇಲ್ಲ ಅತ್ತೆ, ಉಸಿರಾಡ್ತಿದೆ."